ಗರ್ಭಕೋಶ ತೆಗೆಸುವ ನಿರ್ಧಾರ: ಹಲವು ದೀರ್ಘಕಾಲದ ಕಾಯಿಲೆಗಳು ಜೊತೆಗಿರುವಾಗ

"ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿಹೋಗುತ್ತದೆ" ಎಂಬ ಮಾತನ್ನು ವಿಪರೀತ ರಕ್ತಸ್ರಾವದಿಂದಲೋ ಕಿಬ್ಬೊಟ್ಟೆಯ ನೋವಿನಿಂದಲೋ ವರ್ಷಗಟ್ಟಲೆ ಬಳಲಿದ ಹೆಂಗಸರು ಒಂದಲ್ಲ ಒಂದು ಸಲ ಕೇಳಿಯೇ ಇರುತ್ತಾರೆ. ಬೇರೆ ಕಾಯಿಲೆಯೇನೂ ಇಲ್ಲದವರ ಮಟ್ಟಿಗೆ ಈ ಮಾತು ಬಹುಪಾಲು ನಿಜವಾಗಲೂಬಹುದು. ಆದರೆ ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್, ಸಂಧಿವಾತ, ಮಧುಮೇಹ, ರಕ್ತ ಹೆಪ್ಪುಗಟ್ಟುವ ತೊಂದರೆ, ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯ, ನಿಂತ ಕೂಡಲೇ ಎದೆ ಬಡಿತ ಏರುವ ಪಾಟ್ಸ್, ಕೀಲುಗಳು ಸಡಿಲವಾಗಿರುವ ಎಹ್ಲರ್ಸ್-ಡ್ಯಾನ್ಲೋಸ್ ಮುಂತಾದವುಗಳಲ್ಲಿ ಒಂದೋ ಎರಡೋ ಮೂರೋ ಜೊತೆಗಿರುವವರಿಗೆ ಆ ಮಾತಿನಲ್ಲಿರುವ "ಎಲ್ಲ" ಎಂಬ ಪದವೇ ತೊಡಕಿನದು. ಯಾವುದು ಸರಿಹೋಗುತ್ತದೆ, ಯಾವುದು ಹಾಗೆಯೇ ಉಳಿಯುತ್ತದೆ, ಯಾವುದು ಇನ್ನಷ್ಟು ಕೆಡಬಹುದು ಎಂದು ಬಿಡಿಬಿಡಿಯಾಗಿ ನೋಡದೆ ಈ ಶಸ್ತ್ರಚಿಕಿತ್ಸೆಗೆ ಒಪ್ಪುವುದೂ ಸರಿಯಲ್ಲ, ಹೆದರಿ ಹಿಂದೆಗೆಯುವುದೂ ಸರಿಯಲ್ಲ.

ವಿಷಯ ಕೈಗೆ ಸಿಗಬೇಕಾದರೆ ಒಂದು ಉದಾಹರಣೆ ಬೇಕು. 43 ವರ್ಷದ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳೋಣ. ಅವರಿಗೆ ಒಂಬತ್ತು ವರ್ಷಗಳಿಂದ ಲೂಪಸ್ ಇದೆ, ದಿನವೂ 7.5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ನುಂಗುತ್ತಾರೆ. ಲೂಪಸ್ ಜೊತೆಗೆ, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳಿದ್ದು, ಹಿಂದೊಮ್ಮೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಅದನ್ನು ತಡೆಯುವ ವಾರ್ಫರಿನ್ ಎಂಬ ಔಷಧಿಯೂ ನಡೆಯುತ್ತಿದೆ. ಮೈಗ್ರೇನ್ ಇದೆ. ಸದಾ ಆಯಾಸ. ಮುಟ್ಟಿನ ರಕ್ತಸ್ರಾವ ಎಂಟೊಂಬತ್ತು ದಿನ ಹರಿಯುತ್ತದೆ, ಹಿಮೋಗ್ಲೋಬಿನ್ 8.4ಕ್ಕೆ ಇಳಿದಿದೆ, ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಸ್ನಾಯುವಿನೊಳಗೆ ಬೆಳೆಯುವ ಅಡೆನೋಮಯೋಸಿಸ್ ಇರಬಹುದೆಂದು ಕಂಡಿದೆ. ಮುಂದಿನ ಮಾತುಗಳನ್ನೆಲ್ಲ ಇವರನ್ನು ಎದುರಿಗಿಟ್ಟುಕೊಂಡೇ ಆಡಬಹುದು.

ಏನನ್ನು ತೆಗೆಯುತ್ತಾರೆ?

ಹಿಸ್ಟೆರೆಕ್ಟಮಿ ಎಂದರೆ ಗರ್ಭಕೋಶವನ್ನು ತೆಗೆಯುವುದು, ಅಷ್ಟೇ. ಗರ್ಭಕೋಶದ ಕೊರಳನ್ನೂ ಸೇರಿಸಿ ತೆಗೆದರೆ ಅದು ಪೂರ್ಣ ಹಿಸ್ಟೆರೆಕ್ಟಮಿ; ಕೊರಳನ್ನು ಉಳಿಸಿದರೆ ಭಾಗಶಃ. ಅಂಡಾಶಯಗಳನ್ನು ತೆಗೆಯುವುದು ಬೇರೆಯದೇ ಶಸ್ತ್ರಚಿಕಿತ್ಸೆ; ಎರಡನ್ನೂ ಒಂದೇ ಸಲ ಮಾಡಬಹುದು, ಮಾಡಲೇಬೇಕೆಂದಿಲ್ಲ. ಮಾತಿನಲ್ಲಿ ಮಾತ್ರ "ಗರ್ಭಕೋಶ ತೆಗೆಸಿದರು" ಎಂಬ ಒಂದೇ ವಾಕ್ಯದೊಳಗೆ ಇವೆರಡೂ ಬೆರೆತುಹೋಗುತ್ತವೆ. ತಮ್ಮ ಅಂಡಾಶಯ ಒಳಗಿದೆಯೋ ಹೊರಗೆ ಹೋಗಿದೆಯೋ ಎಂಬುದೇ ತಿಳಿಯದ ಮಹಿಳೆಯರು ಇರುವುದಕ್ಕೆ ಈ ಬೆರಕೆಯೇ ಕಾರಣವೆಂದು ನನ್ನ ಅನಿಸಿಕೆ.

ಈ ವ್ಯತ್ಯಾಸವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ರಕ್ತ ಬರುವುದು ಗರ್ಭಕೋಶದಿಂದ. ತಿಂಗಳ ಚಕ್ರವನ್ನು ತಿರುಗಿಸುವುದು ಮೆದುಳು ಮತ್ತು ಅಂಡಾಶಯ. ಗರ್ಭಕೋಶವನ್ನು ತೆಗೆದು ಅಂಡಾಶಯಗಳನ್ನು ಉಳಿಸಿದರೆ ರಕ್ತಸ್ರಾವ ನಿಲ್ಲುತ್ತದೆ, ಆದರೆ ಅಂಡಾಶಯದ ಹಾರ್ಮೋನಾದ ಈಸ್ಟ್ರೋಜನ್ ಏರುವುದೂ ಇಳಿಯುವುದೂ ಹಿಂದಿನಂತೆಯೇ ನಡೆಯುತ್ತಿರುತ್ತದೆ. ಹಾಗಾಗಿ "ಮುಟ್ಟಿನ ಸಮಯದಲ್ಲಿ ನನ್ನ ಇತರ ಕಾಯಿಲೆಗಳೆಲ್ಲ ಉಲ್ಬಣಿಸುತ್ತವೆ, ಮುಟ್ಟು ನಿಂತರೆ ಅವೂ ನಿಲ್ಲುತ್ತವೆ" ಎಂಬ ಲೆಕ್ಕ ಅನೇಕ ಸಲ ತಪ್ಪಾಗುತ್ತದೆ. ನಮ್ಮ ಉದಾಹರಣೆಯ ಮಹಿಳೆಯ ಮೈಗ್ರೇನ್ ಮುಟ್ಟಿಗೆ ಎರಡು ದಿನ ಮೊದಲು ಬರುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ ಮುಖ್ಯ ಪ್ರಚೋದನೆ ಆ ಹೊತ್ತಿಗೆ ಈಸ್ಟ್ರೋಜನ್ ಮಟ್ಟ ಕುಸಿಯುವುದು. ಗರ್ಭಕೋಶ ಹೋದರೂ ಆ ಕುಸಿತ ನಿಲ್ಲುವುದಿಲ್ಲ. ಮೈಗ್ರೇನ್‌ಗಾಗಿ ಗರ್ಭಕೋಶ ತೆಗೆಯುವುದು ಚಿಕಿತ್ಸೆಯೇ ಅಲ್ಲ. ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ಪಾತಾಳಕ್ಕಿಳಿಯುವುದರಿಂದ ಕೆಲವರ ಮೈಗ್ರೇನ್ ಇನ್ನೂ ಹದಗೆಡುತ್ತದೆ.

ಹಾಗೆಂದು ಎಲ್ಲವೂ ಅಂಡಾಶಯದ್ದೇ ಕೆಲಸವಲ್ಲ. ಮುಟ್ಟಿನ ದಿನಗಳಲ್ಲಿ ಗರ್ಭಕೋಶದ ಒಳಪದರವು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಹೊರಬಿಡುತ್ತದೆ. ಹಿಂಡುವ ಹೊಟ್ಟೆನೋವು, ಭೇದಿ, ವಾಕರಿಕೆಗಳಿಗೆ ಇವು ಕಾರಣ. ಒಳಪದರವೇ ಇಲ್ಲದಿದ್ದರೆ ಈ ತೊಂದರೆಗಳು ಇಲ್ಲವಾಗುತ್ತವೆ. ರಕ್ತನಷ್ಟದಿಂದ ಬರುವ ತೊಂದರೆಗಳೂ ಗರ್ಭಕೋಶದ ಲೆಕ್ಕಕ್ಕೇ ಸೇರುತ್ತವೆ. ಪಾಟ್ಸ್ ಇರುವವರಲ್ಲಿ ಮೊದಲೇ ರಕ್ತದ ಪ್ರಮಾಣ ಕಡಿಮೆಯಿರುವುದುಂಟು. ಅಂಥವರು ತಿಂಗಳಿಗೊಮ್ಮೆ ಧಾರಾಳವಾಗಿ ರಕ್ತ ಕಳೆದುಕೊಂಡರೆ ಎದ್ದು ನಿಲ್ಲುವುದೇ ಕಷ್ಟವಾಗುತ್ತದೆ.

ನೋವಿನ ಒಡೆಯ ಯಾರು?

ನನ್ನ ದೃಷ್ಟಿಯಲ್ಲಿ ಇಡೀ ನಿರ್ಧಾರದ ತಿರುಳು ಈ ಪ್ರಶ್ನೆಯಲ್ಲಿದೆ: ಇರುವ ತೊಂದರೆಗಳಲ್ಲಿ ಯಾವುದು ಗರ್ಭಕೋಶದ್ದು, ಯಾವುದು ಅಂಡಾಶಯದ್ದು, ಯಾವುದು ಇವೆರಡಕ್ಕೂ ಸಂಬಂಧಿಸದ ಬೇರೆ ಕಾಯಿಲೆಯದು? ಇದನ್ನು ಬಿಡಿಸಿ ನೋಡುವುದಕ್ಕೆ ದುಬಾರಿ ಯಂತ್ರಕ್ಕಿಂತ ಒಂದು ನೋಟುಪುಸ್ತಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕನಿಷ್ಠ ಮೂರು ಚಕ್ರಗಳ ಕಾಲ ದಿನಕ್ಕೊಂದು ಸಾಲು ಬರೆದರೆ ಸಾಕು: ರಕ್ತಸ್ರಾವ ಎಷ್ಟು, ಎಷ್ಟು ಪ್ಯಾಡ್ ಬದಲಾಯಿಸಬೇಕಾಯಿತು, ಕಿಬ್ಬೊಟ್ಟೆಯ ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ತಲೆನೋವು, ಕೀಲುನೋವು, ಆಯಾಸ, ಮಲಮೂತ್ರದ ತೊಂದರೆ, ಆ ದಿನ ತೆಗೆದುಕೊಂಡ ಮಾತ್ರೆ.

ಆ ಪುಟವನ್ನು ಹತ್ತಿರದಿಂದ ನೋಡಿದರೆ ಮಾತಿನಲ್ಲಿ ಹೊರಬರದ ಸಂಗತಿಗಳು ಅಲ್ಲಿ ಕಾಣುತ್ತವೆ. ನಮ್ಮ ಮಹಿಳೆಯ ಪುಸ್ತಕದಲ್ಲಿ ರಕ್ತಸ್ರಾವದ ಅಂಕಣವೂ ಕಿಬ್ಬೊಟ್ಟೆಯ ನೋವಿನ ಅಂಕಣವೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ, ಇವೆರಡೂ ಗರ್ಭಕೋಶದವು. ತಲೆನೋವು 26ನೇ ದಿನಕ್ಕೆ ಶುರುವಾಗಿ ಮುಟ್ಟಿನ ಎರಡನೇ ದಿನಕ್ಕೆ ನಿಲ್ಲುತ್ತದೆ, ಅದು ಹಾರ್ಮೋನಿನದು. ಕೀಲುನೋವಿಗೆ ಚಕ್ರದ ಹಂಗೇ ಇಲ್ಲ, ಅದು ಲೂಪಸ್‌ನದು. ಆಯಾಸ ಮಾತ್ರ ತಿಂಗಳಿಡೀ ಹರಡಿಕೊಂಡಿದ್ದು, ಮುಟ್ಟಿನ ನಂತರದ ವಾರದಲ್ಲಿ ತುತ್ತತುದಿ ಮುಟ್ಟುತ್ತದೆ. ಈ ಕೊನೆಯ ಸಾಲು ಕಬ್ಬಿಣದ ಕೊರತೆಯತ್ತ ಬೆರಳು ತೋರಿಸುತ್ತದೆ.

ಕಬ್ಬಿಣದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ದೇಹದಲ್ಲಿ ಉಳಿದಿರುವ ಕಬ್ಬಿಣದ ಅಂದಾಜಿಗೆ ಫೆರಿಟಿನ್ ಪರೀಕ್ಷೆ ಮಾಡಿಸುತ್ತಾರೆ. ಆದರೆ ಉರಿಯೂತದ ಕಾಯಿಲೆಯಿರುವವರಲ್ಲಿ ಉರಿಯೂತವೇ ಫೆರಿಟಿನ್ ಮಟ್ಟವನ್ನು ಏರಿಸುವುದರಿಂದ, ಉಗ್ರಾಣ ಖಾಲಿಯಾಗಿದ್ದರೂ ವರದಿಯಲ್ಲಿ ಅಂಕಿ ಸಹಜವಾಗಿ ಕಾಣಬಹುದು. ಆಗ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಇನ್ನೊಂದು ಪರೀಕ್ಷೆಯನ್ನೂ ನೋಡಬೇಕಾಗುತ್ತದೆ. ಲೂಪಸ್‌ನದೋ ಫೈಬ್ರೋಮಯಾಲ್ಜಿಯದ್ದೋ ಎಂದು ವರ್ಷಗಳಿಂದ ನಂಬಿದ್ದ ಆಯಾಸದ ಒಂದು ಪಾಲು ಕಬ್ಬಿಣ ತುಂಬಿದ ಮೇಲೆ ಇಳಿಯುವುದುಂಟು.

ನೋವೇ ಮುಖ್ಯ ತೊಂದರೆಯಾಗಿರುವಾಗ ವಿಚಾರ ಇನ್ನೂ ಕ್ಲಿಷ್ಟವಾಗುತ್ತದೆ. ಅಡೆನೋಮಯೋಸಿಸ್‌ನಲ್ಲಿ ಒಳಪದರದಂಥ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಗೇ ಬೆಳೆದಿರುವುದರಿಂದ ಗರ್ಭಕೋಶದೊಂದಿಗೆ ಅದೂ ಹೋಗುತ್ತದೆ. ಎಂಡೋಮೆಟ್ರಿಯೋಸಿಸ್ ಹಾಗಲ್ಲ. ಅಲ್ಲಿ ಅಂಗಾಂಶ ಇರುವುದೇ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಕಿಬ್ಬೊಟ್ಟೆಯ ಪೊರೆಯ ಮೇಲೆ. ಆ ಗಾಯಗಳನ್ನು ಹುಡುಕಿ ತೆಗೆಯದೆ ಬರೀ ಗರ್ಭಕೋಶ ತೆಗೆದರೆ ಕಾಯಿಲೆ ಇದ್ದಲ್ಲಿಯೇ ಇರುತ್ತದೆ. ಇದಲ್ಲದೆ ಮೂತ್ರಕೋಶದ ನೋವಿನ ಕಾಯಿಲೆ, ಕೆರಳುವ ಕರುಳು, ಸದಾ ಬಿಗಿದುಕೊಂಡಿರುವ ಶ್ರೋಣಿಯ ತಳದ ಸ್ನಾಯುಗಳು, ಇವೆಲ್ಲವೂ "ಗರ್ಭಕೋಶದ ನೋವು" ಎಂದೇ ಅನುಭವಕ್ಕೆ ಬರುತ್ತವೆ.

ನೋವು ವರ್ಷಗಟ್ಟಲೆ ಉಳಿದುಕೊಂಡರೆ ನರಮಂಡಲವೇ ಬದಲಾಗುತ್ತದೆ. ಬೆನ್ನುಹುರಿ ಮತ್ತು ಮೆದುಳು ಸಣ್ಣ ಸಂಕೇತವನ್ನೂ ದೊಡ್ಡದಾಗಿ ಕೇಳಿಸಿಕೊಳ್ಳತೊಡಗುತ್ತವೆ. ವೈದ್ಯರು ಇದನ್ನು ಸೆಂಟ್ರಲ್ ಸೆನ್ಸಿಟೈಸೇಶನ್ ಎನ್ನುತ್ತಾರೆ. ಫೈಬ್ರೋಮಯಾಲ್ಜಿಯದಲ್ಲಿ ಇದು ಮುಖ್ಯ ಪ್ರಕ್ರಿಯೆ. ಈ ಸ್ಥಿತಿಯಲ್ಲಿರುವವರಿಗೆ ಗರ್ಭಕೋಶ ತೆಗೆದ ಮೇಲೂ ನೋವು ಉಳಿಯುವ ಸಾಧ್ಯತೆ ಇತರರಿಗಿಂತ ಹೆಚ್ಚು. ಇದರ ಅರ್ಥ ನೋವು ಮನಸ್ಸಿನ ಕಲ್ಪನೆ ಎಂದಲ್ಲ. ಆ ಅರ್ಥದಲ್ಲಿ ಈ ಮಾತನ್ನು ಬಳಸಿ ರೋಗಿಯನ್ನು ಬಾಗಿಲಿನಿಂದಲೇ ಕಳಿಸುವವರೂ ಇದ್ದಾರೆ, ಅದು ತಪ್ಪು. ನೋವಿನ ಮೂಲ ಒಂದಕ್ಕಿಂತ ಹೆಚ್ಚಾಗಿರುವಾಗ ಒಂದು ಮೂಲವನ್ನು ತೆಗೆದರೆ ಒಂದು ಪಾಲು ಮಾತ್ರ ಕಡಿಮೆಯಾಗುತ್ತದೆ ಎಂಬುದಷ್ಟೇ ಅದರ ಅರ್ಥ. ಆ ಒಂದು ಪಾಲೇ ಬದುಕನ್ನು ಸಹನೀಯವಾಗಿಸುವಷ್ಟು ದೊಡ್ಡದಿದ್ದರೆ ಶಸ್ತ್ರಚಿಕಿತ್ಸೆಗೆ ಅದೇ ಸಾಕಷ್ಟು ಕಾರಣ.

ಅಂಡಾಶಯಗಳನ್ನೂ ತೆಗೆಸಬೇಕೇ ಎಂಬ ಯೋಚನೆಯಲ್ಲಿರುವವರಿಗೆ ಒಂದು ಅಪರೂಪದ ಅನುಕೂಲವಿದೆ: ಮಾಡುವ ಮೊದಲೇ ಪರೀಕ್ಷಿಸಿ ನೋಡಬಹುದು. ಲ್ಯೂಪ್ರೊಲೈಡ್‌ನಂಥ ಜಿಎನ್‌ಆರ್‌ಎಚ್ ಚುಚ್ಚುಮದ್ದು ಅಂಡಾಶಯಗಳನ್ನು ಕೆಲವು ತಿಂಗಳು ನಿದ್ದೆಗೆ ಕಳಿಸುತ್ತದೆ. ಮದ್ದು ನಿಲ್ಲಿಸಿದರೆ ಅವು ಮತ್ತೆ ಎಚ್ಚರಗೊಳ್ಳುತ್ತವೆ. ಮೊದಲ ವಾರಗಳಲ್ಲಿ ಹಾರ್ಮೋನ್ ಒಮ್ಮೆ ಏರಿ ಆಮೇಲೆ ಇಳಿಯುವುದರಿಂದ ಆರಂಭದಲ್ಲಿ ತೊಂದರೆ ಹೆಚ್ಚಾದರೆ ಗಾಬರಿಪಡಬೇಕಿಲ್ಲ. ಮೂರು ತಿಂಗಳ ನಂತರ ನೋಟುಪುಸ್ತಕ ಏನು ಹೇಳುತ್ತದೆ ಎಂಬುದು ಮುಖ್ಯ. ಚಕ್ರ ಪೂರ್ತಿ ನಿಂತಿದ್ದರೂ ತೊಂದರೆ ಹಾಗೆಯೇ ಇದ್ದರೆ, ಅದಕ್ಕಾಗಿ ಅಂಡಾಶಯಗಳನ್ನು ಶಾಶ್ವತವಾಗಿ ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಈ ಮದ್ದು ಮೂಳೆಯ ಸಾಂದ್ರತೆಯನ್ನು ತಗ್ಗಿಸುವುದರಿಂದ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವವರು ಅವಧಿಯ ಬಗ್ಗೆ ಎಚ್ಚರ ವಹಿಸಬೇಕು.

ಮುಚ್ಚಿಹೋಗುವ ಬಾಗಿಲುಗಳು

ಶಸ್ತ್ರಚಿಕಿತ್ಸೆಯೇ ಬೇಕೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಪರ್ಯಾಯಗಳ ಉದ್ದ ಪಟ್ಟಿಯೊಂದು ಸಿಗುತ್ತದೆ. ದೀರ್ಘಕಾಲದ ಕಾಯಿಲೆಗಳಿರುವವರ ಕೈಯಲ್ಲಿ ಆ ಪಟ್ಟಿ ಬೇಗ ಚಿಕ್ಕದಾಗುತ್ತದೆ. ನಮ್ಮ ಮಹಿಳೆಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಕೂಡದು. ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳಿರುವಾಗ ಅದು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನೂ ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಕೊಡಲು ವೈದ್ಯರು ಹಿಂಜರಿಯುತ್ತಾರೆ. ಮೆಫನಾಮಿಕ್ ಆಮ್ಲದಂಥ ನೋವುನಿವಾರಕಗಳು ವಾರ್ಫರಿನ್ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು. ಲೂಪಸ್ ಮೂತ್ರಪಿಂಡವನ್ನು ಮುಟ್ಟಿದ್ದರಂತೂ ಅವುಗಳ ಗೊಡವೆಯೇ ಬೇಡ. ಗರ್ಭಕೋಶದ ಒಳಪದರವನ್ನು ಸುಡುವ ಚಿಕಿತ್ಸೆ ಅಡೆನೋಮಯೋಸಿಸ್‌ನಲ್ಲಿ ಅಷ್ಟು ಫಲ ಕೊಡುವುದಿಲ್ಲ, ಏಕೆಂದರೆ ತೊಂದರೆಯಿರುವುದು ಒಳಪದರದ ಕೆಳಗಿನ ಸ್ನಾಯುವಿನಲ್ಲಿ.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ಒಂದು ಆಯ್ಕೆಯೆಂದರೆ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನನ್ನು ಒಳಗಿನಿಂದಲೇ ಬಿಡುವ, ಗರ್ಭಕೋಶದೊಳಗೆ ಕೂರಿಸುವ ಸಾಧನ. ಅದರಲ್ಲಿರುವ 52 ಮಿಲಿಗ್ರಾಂ ಹಾರ್ಮೋನ್, ಮೊದಮೊದಲು ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಂತೆ, ವರ್ಷಗಳ ಕಾಲ ಹೊರಬರುತ್ತದೆ. ಹೆಚ್ಚಿನ ಪಾಲು ಅಲ್ಲೇ ಕೆಲಸ ಮಾಡುವುದರಿಂದ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯಿರುವವರಿಗೂ ಇದನ್ನು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಫಿನ್ಲೆಂಡಿನಲ್ಲಿ ವಿಪರೀತ ರಕ್ತಸ್ರಾವವಿದ್ದ 236 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಸಾಧನವನ್ನೂ ಇನ್ನೊಂದಕ್ಕೆ ಹಿಸ್ಟೆರೆಕ್ಟಮಿಯನ್ನೂ ಗೊತ್ತುಮಾಡಿದ ಅಧ್ಯಯನವೊಂದಿದೆ. ಅದರ ಐದು ವರ್ಷಗಳ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಎರಡೂ ಗುಂಪುಗಳ ಜೀವನ ಗುಣಮಟ್ಟ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಸಾಧನ ಹಾಕಿಸಿಕೊಂಡ ಗುಂಪಿನಲ್ಲಿ 42 ಪ್ರತಿಶತ ಮಂದಿ ಅಷ್ಟರೊಳಗೆ ಹಿಸ್ಟೆರೆಕ್ಟಮಿ ಮಾಡಿಸಿಕೊಂಡಿದ್ದರು. ಈ ಅಂಕಿಯನ್ನು ಎರಡು ಬಗೆಯಲ್ಲಿ ಓದಬಹುದು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಶಸ್ತ್ರಚಿಕಿತ್ಸೆ ತಪ್ಪಿತು ಎನ್ನುವುದು ಒಂದು. ಸಾಧನ ವಿಫಲವಾದರೆ ಅದು ರೋಗಿಯ ತಪ್ಪೇನಲ್ಲ, ಹಾಗಾಗುವುದು ಸಾಮಾನ್ಯ ಎನ್ನುವುದು ಇನ್ನೊಂದು. ಅರಿವಳಿಕೆಯೇ ಅಪಾಯಕಾರಿಯಾಗಿರುವವರಿಗೆ ಮೊದಲನೆಯದು ಮುಖ್ಯ. ಎಲ್ಲವನ್ನೂ ಪ್ರಯತ್ನಿಸಿ ಸೋತವರಿಗೆ ಎರಡನೆಯದು.

ರಕ್ತಸ್ರಾವಕ್ಕೆ ಗರ್ಭಕೋಶದ ಹೊರಗೇ ಕಾರಣವಿರಬಹುದು ಎಂಬುದನ್ನೂ ಮರೆಯಬಾರದು. ಥೈರಾಯ್ಡ್ ಗ್ರಂಥಿ ಮಂದವಾಗಿರುವುದು, ವಾನ್ ವಿಲ್ಲೆಬ್ರಾಂಡ್ ಎಂಬ ರಕ್ತಸ್ರಾವದ ಕಾಯಿಲೆ, ವಾರ್ಫರಿನ್‌ನ ಪ್ರಮಾಣ ಮಿತಿ ಮೀರಿರುವುದು, ಇವುಗಳನ್ನು ಪರೀಕ್ಷಿಸದೆ ಚಾಕು ಎತ್ತುವುದು ಅವಸರ. ನಲವತ್ತು ದಾಟಿದವರಲ್ಲಿ ಒಳಪದರದ ತುಣುಕು ತೆಗೆದು ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗಬಹುದು. ಕ್ಯಾನ್ಸರ್ ಕಂಡರೆ ಮೇಲಿನ ಅಳೆದು ಸುರಿಯುವ ಮಾತುಗಳಿಗೆಲ್ಲ ಬೆಲೆಯಿಲ್ಲ. ಆಗ ನಿರ್ಧಾರದ ದಾರಿಯೇ ಬೇರೆ.

ಹಿಸ್ಟೆರೆಕ್ಟಮಿಯ ಪರವಾಗಿ ಅಪರೂಪಕ್ಕೆ ಮಾತ್ರ ಹೇಳುವ ಅಂಶವೂ ಒಂದಿದೆ. ಸಂಧಿವಾತ, ಲೂಪಸ್, ಮೂರ್ಛೆರೋಗಗಳಿಗೆ ಕೊಡುವ ಮೆಥೊಟ್ರೆಕ್ಸೇಟ್, ಮೈಕೊಫೆನೊಲೇಟ್, ವಾಲ್‌ಪ್ರೊಯೇಟ್‌ನಂಥ ಔಷಧಿಗಳು ಭ್ರೂಣಕ್ಕೆ ಹಾನಿಮಾಡುವುದರಿಂದ ಗರ್ಭ ಧರಿಸುವ ಸಾಧ್ಯತೆಯಿರುವ ಮಹಿಳೆಯರಿಗೆ ಅವುಗಳನ್ನು ಕೊಡಲು ಹಲವು ನಿರ್ಬಂಧಗಳಿವೆ. ಆ ಸಾಧ್ಯತೆ ಇಲ್ಲವಾದಾಗ ಮೂಲ ಕಾಯಿಲೆಯ ಚಿಕಿತ್ಸೆಯೇ ಸುಲಭವಾಗಬಹುದು. ಮಕ್ಕಳು ಬೇಕೆಂಬ ಆಸೆ ಇನ್ನೂ ಇದ್ದವರಿಗೆ ಇದೇ ಮಾತು ಬೇರೆಯಾಗಿ ಕೇಳಿಸುತ್ತದೆ. ಆ ಆಸೆಯನ್ನು "ಇಷ್ಟು ಕಾಯಿಲೆಯಿಟ್ಟುಕೊಂಡು ಇನ್ನು ಮಗುವೇ?" ಎಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ, ಮಕ್ಕಳು ಬೇಡವೆಂದು ಸ್ಪಷ್ಟವಾಗಿ ಹೇಳುವ ಮಹಿಳೆಗೆ "ಮುಂದೆ ಮನಸ್ಸು ಬದಲಾದರೆ?" ಎಂದು ವರ್ಷಗಟ್ಟಲೆ ಶಸ್ತ್ರಚಿಕಿತ್ಸೆ ನಿರಾಕರಿಸುವುದೂ ಅಷ್ಟೇ ತಪ್ಪು.

ಅಂಡಾಶಯ: ಉಳಿಸುವುದೇ, ತೆಗೆಯುವುದೇ?

ಕ್ಯಾನ್ಸರ್ ಅಥವಾ ಬಿಆರ್‌ಸಿಎ ಎಂಬ ವಂಶವಾಹಿಯ, ಅಂಡಾಶಯದ ಕ್ಯಾನ್ಸರಿನ ಅಪಾಯ ಏರಿಸುವ ದೋಷದಂಥ ಕಾರಣವಿಲ್ಲದಿದ್ದರೆ, ಸಹಜ ಋತುಬಂಧಕ್ಕೆ ಮುಂಚೆ ಆರೋಗ್ಯವಂತ ಅಂಡಾಶಯಗಳನ್ನು ಉಳಿಸುವುದೇ ಇಂದಿನ ರೂಢಿ. ಎರಡನ್ನೂ ತೆಗೆದರೆ ಋತುಬಂಧ ರಾತ್ರೋರಾತ್ರಿ ಬರುತ್ತದೆ. ಮೂಳೆ ಸವೆತ, ಹೃದ್ರೋಗದ ಅಪಾಯಗಳು ಏರುತ್ತವೆ. 45ಕ್ಕಿಂತ ಚಿಕ್ಕವರಲ್ಲಿ ಇದು ಹೆಚ್ಚು. ವರ್ಷಗಟ್ಟಲೆ ಸ್ಟೆರಾಯ್ಡ್ ತೆಗೆದುಕೊಂಡು ಮೊದಲೇ ಮೂಳೆ ದುರ್ಬಲವಾಗಿರುವ ನಮ್ಮ ಮಹಿಳೆಗೆ ಈ ನಷ್ಟ ದುಪ್ಪಟ್ಟು. ಇತರರಿಗಾದರೆ ಸುಮಾರು 51ರವರೆಗೆ, ಅಂದರೆ ಸಹಜ ಋತುಬಂಧದ ವಯಸ್ಸಿನವರೆಗೆ ಈಸ್ಟ್ರೋಜನನ್ನು ಹೊರಗಿನಿಂದ ಕೊಡಬಹುದು. ಗರ್ಭಕೋಶವಿಲ್ಲದವರಿಗೆ ಸಾಮಾನ್ಯವಾಗಿ ಅದರೊಡನೆ ಪ್ರೊಜೆಸ್ಟರೋನ್ ಸಹ ಬೇಕಾಗುವುದಿಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವ ಇವರಿಗೆ ಆ ಆಸರೆಯೂ ಸುಲಭವಾಗಿ ಸಿಗದು. ಹಾಗಾಗಿ ಅಂಡಾಶಯ ತೆಗೆಯಲು ಒಪ್ಪುವ ಮೊದಲು "ಆಮೇಲೆ ನಾನು ಈಸ್ಟ್ರೋಜನ್ ತೆಗೆದುಕೊಳ್ಳಬಹುದೇ?" ಎಂದು ಕೇಳಿ ಉತ್ತರ ಪಡೆದಿರಬೇಕು.

ಅಂಡಾಶಯಗಳನ್ನು ಉಳಿಸಿದರೂ ಅವು ಸ್ವಲ್ಪ ಬೇಗ ದಣಿಯಬಹುದು. ಅವುಗಳಿಗೆ ಹೋಗುವ ರಕ್ತದ ಒಂದು ಭಾಗ ಗರ್ಭಕೋಶದ ರಕ್ತನಾಳದಿಂದಲೇ ಬರುವುದು ಇದಕ್ಕೆ ಒಂದು ವಿವರಣೆ. ಅಮೆರಿಕದಲ್ಲಿ 30ರಿಂದ 47 ವರ್ಷದೊಳಗಿನ ಮಹಿಳೆಯರನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನಿಷ್ಠ ಒಂದು ಅಂಡಾಶಯವನ್ನಾದರೂ ಉಳಿಸಿಕೊಂಡು ಗರ್ಭಕೋಶ ತೆಗೆಸಿಕೊಂಡವರಲ್ಲಿ ನಾಲ್ಕು ವರ್ಷಗಳಲ್ಲಿ 14.8 ಪ್ರತಿಶತ ಮಂದಿಯ ಅಂಡಾಶಯ ಕೆಲಸ ನಿಲ್ಲಿಸಿತ್ತು. ತೆಗೆಸಿಕೊಳ್ಳದವರಲ್ಲಿ ಆ ಪ್ರಮಾಣ 8 ಪ್ರತಿಶತವಿತ್ತು. ಅಂಡನಾಳಗಳ ಮಾತು ಬೇರೆ. ಅಂಡಾಶಯದ ಕ್ಯಾನ್ಸರುಗಳಲ್ಲಿ ತೀರ ಅಪಾಯಕಾರಿಯಾದ ಬಗೆ ಬಹಳ ಸಲ ಅಂಡನಾಳದ ತುದಿಯಲ್ಲಿ ಹುಟ್ಟುತ್ತದೆ ಎಂದು ಗೊತ್ತಾದ ಮೇಲೆ, ಹಾರ್ಮೋನಿಗೆ ಸಂಬಂಧವಿಲ್ಲದ ಆ ನಾಳಗಳನ್ನು ಹಿಸ್ಟೆರೆಕ್ಟಮಿಯ ಜೊತೆಯಲ್ಲೇ ತೆಗೆಯುವುದು ಈಗ ವಾಡಿಕೆಯಾಗಿದೆ.

ಶಸ್ತ್ರಚಿಕಿತ್ಸೆಯ ದಿನಕ್ಕಿಂತ ಮುಂಚಿನ ದಿನಗಳು

ಗರ್ಭಕೋಶವನ್ನು ಯೋನಿಯ ಮೂಲಕ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪರೋಸ್ಕೋಪಿಯಿಂದ, ಅಥವಾ ಹೊಟ್ಟೆ ಕೊಯ್ದು ತೆಗೆಯಬಹುದು. ಸಾಧ್ಯವಿದ್ದಾಗ ಯೋನಿಮಾರ್ಗಕ್ಕೆ ಆದ್ಯತೆ, ಏಕೆಂದರೆ ಗಾಯ ಸಣ್ಣದು, ಚೇತರಿಕೆ ಬೇಗ. ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, ತಲೆ ಕೆಳಗಾಗುವಂತೆ ಮೇಜನ್ನು ಓರೆ ಮಾಡುತ್ತಾರೆ. ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿರುವವರಿಗೆ ಈ ಭಂಗಿಯೇ ಕಷ್ಟವಾಗಬಹುದು. ಎಹ್ಲರ್ಸ್-ಡ್ಯಾನ್ಲೋಸ್ ಇರುವವರು ಅರಿವಳಿಕೆಯಲ್ಲಿ ಮಲಗಿರುವಾಗ ಸೊಂಟದ ಕೀಲು, ಭುಜ, ಕತ್ತು ಮಿತಿಮೀರಿ ಹಿಗ್ಗದಂತೆ ಆಧಾರ ಕೊಡಬೇಕು. ಅವರಲ್ಲಿ ಗಾಯ ಮಾಯುವುದು ನಿಧಾನ. ಸ್ಥಳೀಯ ಅರಿವಳಿಕೆ ಸರಿಯಾಗಿ ಹಿಡಿಯದಿರುವುದೂ ಉಂಟು. ಮೂತ್ರನಾಳಕ್ಕೋ ಮೂತ್ರಕೋಶಕ್ಕೋ ಪೆಟ್ಟು, ರಕ್ತಸ್ರಾವ, ಸೋಂಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ, ಇವು ಎಲ್ಲರಿಗೂ ಇರುವ ಅಪಾಯಗಳು.

ಕಾಯಿಲೆಗಳಿರುವವರಲ್ಲಿ ನಿಜವಾದ ಕೆಲಸ ನಡೆಯುವುದು ಔಷಧಿಗಳ ಕ್ಯಾಲೆಂಡರಿನಲ್ಲಿ. ವಾರ್ಫರಿನನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸುತ್ತಾರೆ. ಆಂಟಿಫಾಸ್ಫೊಲಿಪಿಡ್ ತೊಂದರೆಯಂಥ ಹೆಚ್ಚಿನ ಅಪಾಯವಿದ್ದರೆ ನಡುವಿನ ದಿನಗಳಿಗೆ ಹೆಪಾರಿನ್ ಚುಚ್ಚುಮದ್ದು ಬೇಕಾಗಬಹುದು. ಪ್ರೆಡ್ನಿಸೊಲೋನನ್ನು ಹಾಗೆ ನಿಲ್ಲಿಸಕೂಡದು. ದಿನಕ್ಕೆ 5 ಮಿಲಿಗ್ರಾಂ ಅಥವಾ ಹೆಚ್ಚು ಪ್ರಮಾಣವನ್ನು ಕೆಲವು ವಾರಗಳಾದರೂ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿಗಳು ಸೋಮಾರಿಯಾಗಿರಬಹುದು. ಶಸ್ತ್ರಚಿಕಿತ್ಸೆಯ ಒತ್ತಡಕ್ಕೆ ತಕ್ಕಷ್ಟು ಹಾರ್ಮೋನನ್ನು ಅವು ಒದಗಿಸಲಾರದೆ ರಕ್ತದೊತ್ತಡ ಕುಸಿಯಬಹುದಾದ್ದರಿಂದ, ಆ ದಿನ ಹೈಡ್ರೊಕಾರ್ಟಿಸೋನ್ ಎಂಬ ಸ್ಟೆರಾಯ್ಡನ್ನು ಹೆಚ್ಚುವರಿಯಾಗಿ ಕೊಡುತ್ತಾರೆ. ಮಧುಮೇಹಕ್ಕೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆಯ ಮಟ್ಟ ಸಹಜವಾಗಿ ಕಾಣುತ್ತಿರುವಾಗಲೇ ರಕ್ತ ಆಮ್ಲೀಯವಾಗುವ ಅಪಾಯವಿದೆ. ಸಕ್ಕರೆ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವುದರಿಂದ ಇದು ಗಮನಕ್ಕೆ ಬರುವುದು ತಡವಾಗುತ್ತದೆ. ಸಂಧಿವಾತಕ್ಕೆ ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಜೈವಿಕ (ಬಯೋಲಾಜಿಕ್) ಔಷಧಿ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಮುಂದಿನ ಡೋಸಿನ ಹೊತ್ತಿಗೆ ಶಸ್ತ್ರಚಿಕಿತ್ಸೆ ಬರುವಂತೆ ದಿನ ಗೊತ್ತುಮಾಡುತ್ತಾರೆ. ಇದಾವುದನ್ನೂ ಓದಿದ ಆಧಾರದ ಮೇಲೆ ತಾವಾಗಿಯೇ ನಿಲ್ಲಿಸುವಂತಿಲ್ಲ ಅಥವಾ ಮುಂದುವರಿಸುವಂತಿಲ್ಲ. ಪ್ರತಿ ಔಷಧಿಯ ಎದುರು ಕೊನೆಯ ಡೋಸಿನ ದಿನ, ಮತ್ತೆ ಶುರುಮಾಡುವ ದಿನ, ಹಾಗೆ ಹೇಳಿದ ವೈದ್ಯರ ಹೆಸರು, ಈ ಮೂರನ್ನೂ ಬರೆಸಿಕೊಳ್ಳಬೇಕು.

ಬೇರೆ ಬೇರೆ ಕಾಯಿಲೆಗಳಿಗೆ ಬೇರೆ ಬೇರೆ ವೈದ್ಯರಿರುವಾಗ ಪ್ರತಿಯೊಬ್ಬರೂ "ಇನ್ನೊಬ್ಬರು ನೋಡಿಕೊಳ್ಳುತ್ತಾರೆ" ಎಂದುಕೊಳ್ಳುವುದು ಸಹಜ. ಅದಕ್ಕಾಗಿಯೇ ಅರಿವಳಿಕೆ ತಜ್ಞರನ್ನು ಹಿಂದಿನ ದಿನ ಸಂಜೆಯಲ್ಲ, ಕೆಲವು ವಾರ ಮುಂಚೆಯೇ ಕಾಣಬೇಕು. ಅಲರ್ಜಿಯ ರಾಸಾಯನಿಕಗಳನ್ನು ಬಿಡುವ ಮಾಸ್ಟ್ ಕೋಶಗಳು ಕೆರಳುವ ಕಾಯಿಲೆಯಿರುವವರಿಗೆ ನೋವುನಿವಾರಕಗಳಲ್ಲಿ ಮಾರ್ಫಿನ್, ಕೋಡೀನ್‌ಗಳು ಆಗಿಬರದೆ ಫೆಂಟನಿಲ್ ಆಗಿಬರಬಹುದು; ನಿದ್ದೆಯಲ್ಲಿ ಉಸಿರು ಕಟ್ಟುವವರು ಮುಖವಾಡದ ಮೂಲಕ ಗಾಳಿ ಊದುವ ತಮ್ಮ ಸಿಪ್ಯಾಪ್ ಯಂತ್ರವನ್ನು ಆಸ್ಪತ್ರೆಗೆ ತರಬೇಕಾಗಬಹುದು; ಪಾಟ್ಸ್ ಇರುವವರು ಉಪವಾಸದ ಅವಧಿ ಉದ್ದವಾಗದಂತೆ ದಿನದ ಮೊದಲ ಸರದಿ ಕೇಳಬಹುದು. ಇವನ್ನೆಲ್ಲ ಸ್ಟ್ರೆಚರಿನ ಮೇಲೆ ಮಲಗಿ ಹೇಳುವುದಕ್ಕಾಗುವುದಿಲ್ಲ.

ತುರ್ತಿಲ್ಲದಿದ್ದರೆ ಮೂಲ ಕಾಯಿಲೆ ಕೆಲವು ತಿಂಗಳಿಂದ ಶಾಂತವಾಗಿರುವ ಸಮಯವನ್ನು ಆರಿಸಿಕೊಳ್ಳಬೇಕು. ನಮ್ಮ ಮಹಿಳೆ 8.4 ಹಿಮೋಗ್ಲೋಬಿನ್ ಇಟ್ಟುಕೊಂಡು ಮೇಜಿನ ಮೇಲೆ ಮಲಗುವುದು ಬುದ್ಧಿವಂತಿಕೆಯಲ್ಲ. ಈಸ್ಟ್ರೋಜನ್ ಇಲ್ಲದ ಮದ್ದಿನಿಂದ ರಕ್ತಸ್ರಾವವನ್ನು ತಾತ್ಕಾಲಿಕವಾಗಿ ತಡೆದು, ಕಬ್ಬಿಣವನ್ನು ಮಾತ್ರೆಯಿಂದಲೋ ರಕ್ತನಾಳದ ಮೂಲಕವೋ ತುಂಬಿ, 12ರ ಹತ್ತಿರಕ್ಕೆ ತಂದ ಮೇಲೆ ದಿನ ನಿಗದಿಮಾಡಬಹುದು. ಈ ಎರಡು ಮೂರು ತಿಂಗಳ ಕಾಯುವಿಕೆಯಲ್ಲಿ ಆಯಾಸ ಎಷ್ಟು ಇಳಿಯಿತು ಎಂಬುದೇ ನಿರ್ಧಾರವನ್ನು ಬದಲಿಸಲೂಬಹುದು.

ಆರು ವಾರ ಎಂಬ ಲೆಕ್ಕ

ಯೋನಿಮಾರ್ಗ ಅಥವಾ ಲ್ಯಾಪರೋಸ್ಕೋಪಿಯ ನಂತರ ಎರಡರಿಂದ ನಾಲ್ಕು ವಾರ, ಹೊಟ್ಟೆ ಕೊಯ್ದರೆ ಆರರಿಂದ ಎಂಟು ವಾರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಲೆಕ್ಕ ಆರೋಗ್ಯವಂತರದು. ಸ್ಟೆರಾಯ್ಡ್ ಮತ್ತು ಮಧುಮೇಹ ಗಾಯ ಮಾಯುವುದನ್ನು ತಡಮಾಡುತ್ತವೆ. ಯೋನಿಯ ಮೇಲ್ತುದಿಯ ಹೊಲಿಗೆ ಗಟ್ಟಿಯಾಗುವವರೆಗೆ, ಅಂದರೆ ಆರು ವಾರವೋ ಅದಕ್ಕೂ ಹೆಚ್ಚೋ, ಲೈಂಗಿಕ ಸಂಪರ್ಕ ಕೂಡದು. ಸ್ವಲ್ಪ ಹೆಚ್ಚು ದಣಿದರೂ ದಿನಗಟ್ಟಲೆ ಹಾಸಿಗೆ ಹಿಡಿಸುವ ಎಂಇ ಅಥವಾ ದೀರ್ಘಕಾಲದ ಆಯಾಸದ ಕಾಯಿಲೆಯಿರುವವರಿಗೆ "ದಿನಾ ಸ್ವಲ್ಪ ಹೆಚ್ಚು ನಡೆಯಿರಿ" ಎಂಬ ಸಲಹೆ ಹಾನಿಯನ್ನೇ ಮಾಡಬಹುದು. ಆದರೆ ಪೂರ್ತಿ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇವೆರಡರ ನಡುವಿನ ಹದವನ್ನು, ಅಂದರೆ ಹಾಸಿಗೆಯಲ್ಲೇ ಪಾದ ಆಡಿಸುವುದು, ಆಗಾಗ ನಾಲ್ಕು ಹೆಜ್ಜೆ ನಡೆದು ಮತ್ತೆ ಮಲಗುವುದು, ಇಂಥದ್ದನ್ನು ಮೊದಲೇ ಮಾತಾಡಿಕೊಳ್ಳಬೇಕು.

"ಭಾರ ಎತ್ತಬೇಡಿ" ಎಂಬ ಮಾತನ್ನೇ ತೆಗೆದುಕೊಳ್ಳಿ. ಗಾಲಿಕುರ್ಚಿ ಬಳಸುವವರು ಹಾಸಿಗೆಯಿಂದ ಕುರ್ಚಿಗೆ ದಾಟುವಾಗ ತಮ್ಮ ಇಡೀ ದೇಹದ ಭಾರವನ್ನೇ ಕೈಗಳ ಮೇಲೆ ಎತ್ತುತ್ತಾರೆ. ಅವರಿಗೆ ಆ ಸೂಚನೆಯ ಅರ್ಥವೇನು, ಆರು ವಾರ ಯಾರು ಜೊತೆಗಿರುತ್ತಾರೆ, ಎಂಬುದಕ್ಕೆ ಆಸ್ಪತ್ರೆಯ ಮುದ್ರಿತ ಚೀಟಿಯಲ್ಲಿ ಉತ್ತರವಿರುವುದಿಲ್ಲ. ಪಾಟ್ಸ್ ಇರುವವರು ಮೊದಲ ಸಲ ಏಳುವುದೂ ಹೀಗೆಯೇ. ಮೊದಲು ತಲೆಯ ಭಾಗವನ್ನು ಎತ್ತಿ ಕೂರುವುದು, ಕಾಲುಗಳನ್ನು ಮಂಚದಿಂದ ಇಳಿಬಿಟ್ಟು ಎರಡು ನಿಮಿಷ ಕಾಯುವುದು, ಬಿಗಿಯಾದ ಕಾಲುಚೀಲ ಹಾಕಿಕೊಳ್ಳುವುದು, ನಾಳದ ಮೂಲಕ ದ್ರವ ಹರಿಯುತ್ತಿರುವಾಗಲೇ ಒಬ್ಬರು ಪಕ್ಕದಲ್ಲಿ ನಿಂತು ಎಬ್ಬಿಸುವುದು. ಅವಸರದಲ್ಲಿ ಎಬ್ಬಿಸಿದರೆ ಬೀಳುವ ಅಪಾಯವಿದೆ.

ಕೆಲವು ವಾರಗಳಲ್ಲಿ, ತೆಗೆದ ಗರ್ಭಕೋಶವನ್ನು ಪರೀಕ್ಷಿಸಿದ ಪೆಥಾಲಜಿ ವರದಿ ಬರುತ್ತದೆ. ಅಡೆನೋಮಯೋಸಿಸ್ ಇತ್ತೇ ಎಂಬುದು ಸಂದೇಹಕ್ಕೆಡೆಯಿಲ್ಲದೆ ತಿಳಿಯುವುದು ಆಗಲೇ. ಗರ್ಭಕೋಶದ ಕೊರಳನ್ನು ಉಳಿಸಿಕೊಂಡವರು, ಅಲ್ಲಿನ ಕ್ಯಾನ್ಸರ್ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆಯನ್ನು ಮುಂದುವರಿಸಬೇಕು. ಪೂರ್ಣ ಹಿಸ್ಟೆರೆಕ್ಟಮಿಯಾಗಿ, ಹಿಂದೆ ಕೊರಳಿನಲ್ಲಿ ಗಂಭೀರ ಬದಲಾವಣೆಯಾಗಲೀ ಕ್ಯಾನ್ಸರಾಗಲೀ ಇಲ್ಲದವರಿಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ನೋಟುಪುಸ್ತಕವನ್ನು ಮಾತ್ರ ಮುಚ್ಚಬಾರದು. ಅಂಡಾಶಯ ಉಳಿಸಿಕೊಂಡವರಿಗೆ ಮುಂದೆ ಋತುಬಂಧ ಬಂದರೂ ಅದನ್ನು ಸಾರಲು ನಿಲ್ಲುವ ಮುಟ್ಟೇ ಇರುವುದಿಲ್ಲ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆ ಕೆಡುವುದು ಇವುಗಳಿಂದಲೇ ಗುರುತಿಸಬೇಕು, ಮತ್ತು ಇವೆಲ್ಲವೂ ಲೂಪಸ್‌ನಿಂದಲೋ ಸ್ಟೆರಾಯ್ಡ್‌ನಿಂದಲೋ ಬರಬಹುದಾದ್ದರಿಂದ ಗೊಂದಲ ಸುಲಭ. ನಮ್ಮ ಮಹಿಳೆಯ ಪುಸ್ತಕದಲ್ಲಿ ಶಸ್ತ್ರಚಿಕಿತ್ಸೆಯ ಆರು ತಿಂಗಳ ನಂತರದ ಪುಟ ಹೀಗಿರಬಹುದು: ರಕ್ತಸ್ರಾವದ ಅಂಕಣ ಖಾಲಿ, ಕಿಬ್ಬೊಟ್ಟೆಯ ನೋವು ಸೊನ್ನೆ ಅಥವಾ ಒಂದು, ಆಯಾಸ ಅರ್ಧಕ್ಕಿಳಿದಿದೆ, ಕೀಲುನೋವು ಇದ್ದಲ್ಲಿಯೇ ಇದೆ, ಮತ್ತು ಹೆಚ್ಚುಕಡಿಮೆ ನಾಲ್ಕು ವಾರಗಳಿಗೊಮ್ಮೆ ತಲೆನೋವಿನ ಅಂಕಣದಲ್ಲಿ ಎರಡು ಮೂರು ದಿನ ಅದೇ ಹಳೆಯ ಗುರುತು.